ಸೀಬೆ ಬಂಗಲೆಯ ಹೊಸ್ತಿಲು

ನಾನು ಈಗಿರುವ ಫ್ಲಾಟಿನಲ್ಲಿ ಯಾವ ಬಾಗಿಲಿಗೂ ಹೊಸ್ತಿಲಿಲ್ಲ. ಮುಂದಿನ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಒಂದೇ ಸಮನಾದ ನೆಲ. ಗೋಲಿಯೊಂದನ್ನು ಉರುಳಿಸಿದರೆ ಎಲ್ಲೂ ತಡೆಯದೆ ಕೊನೆಯ ಗೋಡೆ ಮುಟ್ಟುತ್ತದೆ. ಆದರೂ ನಾನು ಪ್ರತಿ ಬಾಗಿಲಲ್ಲೂ ಕಾಲನ್ನು ಗೇಣೆತ್ತರ ಎತ್ತಿ ಆಚೆಗಿಡುತ್ತೇನೆ. ನಮ್ಮಣ್ಣನ ಮಗಳು ಮನೆಗೆ ಬಂದಾಗಲೆಲ್ಲ ನನ್ನ ಈ ನಡಿಗೆಯನ್ನು ಅಣಕಿಸಿ ತೋರಿಸುತ್ತಾಳೆ. ನೀರಿನಲ್ಲಿ ನಿಂತ ಕೊಕ್ಕರೆಯ ಹಾಗೆ ಕಾಣುತ್ತೇನಂತೆ.

"ಅತ್ತೆ, ಅಲ್ಲೇನೂ ಇಲ್ಲ. ಯಾರನ್ನ ದಾಟ್ತಿದೀಯ?" ಎಂದು ಒಮ್ಮೆ ಕೇಳಿದಳು.

ಏನನ್ನು ಎನ್ನಬೇಕಿತ್ತು, ಯಾರನ್ನು ಎಂದಳು. ತಿಳಿದು ಕೇಳಿದ್ದಲ್ಲ. ಆದರೆ ನನಗೆ ಅವತ್ತು ಮಧ್ಯಾಹ್ನವೆಲ್ಲ ಬೇರೆ ಕೆಲಸ ಸಾಗಲಿಲ್ಲ.

ಈ ಕಾಲೆತ್ತುವ ಅಭ್ಯಾಸ ಮಾಡಿಸಿದ್ದು ಅಮ್ಮ. ನಮ್ಮದು ವೈಟ್‌ಫೀಲ್ಡಿನ ಬೆನ್ನಿಗೆ ಅಂಟಿಕೊಂಡಿದ್ದ ಹಳ್ಳಿ. ರಾಗಿ, ಅವರೆ, ಒಂದಿಷ್ಟು ಎಮ್ಮೆ. ಬೆಳಿಗ್ಗೆ ಅಮ್ಮ ಹಾಲಿನ ಕ್ಯಾನು ಹೊತ್ತು ಬಂಗಲೆಗಳ ಓಣಿಗೆ ಹೊರಟರೆ, ಅಳತೆಯ ಪಾವು ಹಿಡಿದು ನಾನು ಹಿಂದೆ. ಕೈಯಲ್ಲಿ ಪಾವು ಇದ್ದ ಹೆಮ್ಮೆಯಲ್ಲಿ ನಾನು ನೆಲ ನೋಡುತ್ತಿರಲಿಲ್ಲ. "ಕಾಲೆತ್ತಿ ಇಡೇ. ಹೊಸ್ತಿಲು ತುಳಿದ್ರೆ ಲಕ್ಷ್ಮಿ ಬೆನ್ನು ತುಳಿದಂಗೆ" ಎಂದು ಅಮ್ಮ ಪ್ರತಿ ಬಾಗಿಲಲ್ಲೂ ಹೇಳುತ್ತಿದ್ದಳು. ಯೇಸುವಿನ ಪಟ ತೂಗುಹಾಕಿದ್ದ ಆ ಮನೆಗಳ ಹೊಸ್ತಿಲಲ್ಲಿ ಲಕ್ಷ್ಮಿ ಹೇಗೆ ಬಂದು ಮಲಗಿದ್ದಾಳೆ ಎಂದು ನಾನು ಕೇಳಲಿಲ್ಲ. ಅಮ್ಮನ ಲೆಕ್ಕದಲ್ಲಿ ಹೊಸ್ತಿಲು ಎಂದರೆ ಹೊಸ್ತಿಲು.

ಆ ಓಣಿಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ನಡುವೆ ದುಂಡನೆಯ ಬಯಲು, ಅದರ ಸುತ್ತ ಕೆಮ್ಮಣ್ಣಿನ ದಾರಿ, ದಾರಿಯ ಪಕ್ಕಕ್ಕೆ ಹೆಂಚಿನ ಬಂಗಲೆಗಳು. ನಮ್ಮ ತಾತನಿಗೂ ಹಿಂದಿನ ಕಾಲದಲ್ಲಿ ಆಂಗ್ಲೋ ಇಂಡಿಯನ್ ಜನ ಇಲ್ಲಿಗೆ ಬಂದು, ಇಂಗ್ಲೆಂಡಿನ ಹಳ್ಳಿಯೊಂದು ಹೇಗಿರುತ್ತದೋ ಹಾಗೆ ಕಟ್ಟಿಕೊಳ್ಳಲು ಹೊರಟರಂತೆ. ಅವರಲ್ಲಿ ಹೆಚ್ಚಿನವರು ಇಂಗ್ಲೆಂಡನ್ನು ಕಂಡವರಲ್ಲ. ಅಪ್ಪನೋ ಅಜ್ಜನೋ ಹೇಳಿದ್ದನ್ನು ಕೇಳಿ, ಕೇಳಿದ್ದನ್ನು ನಮ್ಮ ಕಡೆಯ ಗಾರೆಯವರಿಗೆ ಹೇಳಿ ಕಟ್ಟಿಸಿದ ಊರು ಅದು. ಕಿಟಕಿಯ ಮೇಲೆ ಚೂಪಾಗಿ ಮುಂದೆ ಚಾಚಿದ ಮರದ ಪಟ್ಟಿಗಳ ಮಾಡು. ಅದಕ್ಕೆ ಮಂಕಿ ಟಾಪ್ ಎನ್ನುತ್ತಿದ್ದರು. ಕೋಣೆಯೊಳಗೆ ಚಳಿ ಕಾಯಿಸಲು ಬೆಂಕಿಗೂಡು, ಹೊಗೆ ಹೋಗಲು ಚಿಮಣಿ. ನಮ್ಮೂರಿನ ಚಳಿಗೆ ಒಂದು ಕಂಬಳಿ ಸಾಕು. ಆ ಚಿಮಣಿಗಳಲ್ಲಿ ಹೊಗೆ ಕಂಡವರು ಕಡಿಮೆ, ಪಾರಿವಾಳ ಕಂಡವರೇ ಹೆಚ್ಚು. ಅವು ದೇವರಿಗೆ ಪ್ರಾರ್ಥನೆ ಕಳಿಸುವ ಕೊಳವೆ ಎಂದು ನಾನು ಬಹಳ ದಿನ ನಂಬಿದ್ದೆ. ಒಂದು ಬೆಂಕಿಗೂಡಿನೊಳಗೆ ತಲೆಯಿಟ್ಟು ಪರೀಕ್ಷೆ ಚೆನ್ನಾಗಿ ಆಗಲಿ ಎಂದು ಕೂಗಿದ್ದೂ ಉಂಟು. ಮೇಲಿನಿಂದ ಪಾರಿವಾಳದ ಹಿಕ್ಕೆ ಬಿತ್ತು.

ಗೇಟಿನ ಕಂಬಗಳ ಮೇಲೆ ಇಂಗ್ಲಿಷಿನಲ್ಲಿ ಮನೆಯ ಹೆಸರು ಕೆತ್ತಿರುತ್ತಿತ್ತು. ನಮಗೆ ಓದಲು ಬಾರದ್ದರಿಂದ ನಾವೇ ಹೆಸರಿಟ್ಟುಕೊಂಡಿದ್ದೆವು. ನಾಯಿ ಮನೆ, ನಿಂತ ಗಡಿಯಾರದ ಮನೆ, ಕೆಮ್ಮುವ ದೊರೆ ಮನೆ. ದೊರೆ ತೀರಿಕೊಂಡು, ಅಲ್ಲಿಗೆ ಎಂದೂ ಕೆಮ್ಮದ ಸಂಸಾರವೊಂದು ಬಂದ ಮೇಲೂ ಅದು ಕೆಮ್ಮುವ ದೊರೆ ಮನೆಯೇ. ಅಂಗಳದಲ್ಲಿ ಸೀಬೆ ಮರ ಇದ್ದದ್ದು ಸೀಬೆ ಬಂಗಲೆ. ಅಲ್ಲಿ ಪಿಯಾನೋ ಕಲಿಸುವ ಒಬ್ಬ ಮಿಸ್ಸಮ್ಮ ಇದ್ದರು.

ಸೀಬೆ ಬಂಗಲೆಯ ಮುಂಬಾಗಿಲಿಗೆ ಎತ್ತರದ ಕಲ್ಲಿನ ಹೊಸ್ತಿಲು. ಇಂಗ್ಲೆಂಡಿನ ಮನೆಗಳಿಗೆ ಅಂಥದ್ದು ಇರುತ್ತದೋ ಇಲ್ಲವೋ ನಾನರಿಯೆ. ಮಿಸ್ಸಮ್ಮನ ತಾತ ಬೇಡವೆಂದರೂ ನಮ್ಮ ಗಾರೆಯವರು ಕೇಳದೆ ಇಟ್ಟರಂತೆ. ಹೊಸ್ತಿಲಿಲ್ಲದ ಮನೆ ಕಟ್ಟಿದರೆ ಕಟ್ಟಿದವನಿಗೆ ಒಳ್ಳೆಯದಲ್ಲವೆಂದು. ಮೇಲೆ ನೋಡಿದರೆ ಇಂಗ್ಲೆಂಡು, ಕಾಲ ಬಳಿ ನೋಡಿದರೆ ನಮ್ಮೂರು. ಮಿಸ್ಸಮ್ಮ ಆ ಕಲ್ಲನ್ನು ಕೆಂಪು ಪಾಲಿಶ್ ಹಾಕಿ ಉಜ್ಜಿಸುತ್ತಿದ್ದರು. ಅಡುಗೆಯ ಮುನಿಯಮ್ಮ ಒಂದು ಯುಗಾದಿಯ ದಿನ ಅದರ ಮೇಲೆ ರಂಗೋಲಿ ಎಳೆದದ್ದಕ್ಕೆ, "ಪಾಲಿಶ್ ಖರಾಬ್ ಮಾಡ್ತಾನೆ ನೀನು" ಎಂದು ಬೈದರು. ಮಿಸ್ಸಮ್ಮನ ಕನ್ನಡದಲ್ಲಿ ಹೆಂಗಸರೆಲ್ಲ ಗಂಡಸರು. ಮುನಿಯಮ್ಮ ಮತ್ತೆ ಅಲ್ಲಿ ರಂಗೋಲಿ ಹಾಕಲಿಲ್ಲ.

ಇದೆಲ್ಲ ಹಿಂದಿನದು. ಮುಂದೆ ಸುತ್ತಲೂ ಗಾಜಿನ ಕಟ್ಟಡಗಳು ಎದ್ದವು, ಹೊಲಗಳಲ್ಲಿ ಬಾಡಿಗೆ ರೂಮುಗಳು ಎದ್ದವು, ಓಣಿಗೆ ಟಾರು ಬಿತ್ತು, ನೀರಿನ ಟ್ಯಾಂಕರ್‌ಗಳು ಓಡಾಡಿ ಆ ಟಾರೂ ಕಿತ್ತುಹೋಯಿತು. ನಾನು ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ತಯಾರಾಗಿ ಬಂದ ಬಿಡಿಭಾಗ ಸರಿಯಿದ್ದರೆ ಒಂದು ಬುಟ್ಟಿಗೆ, ಇಲ್ಲದಿದ್ದರೆ ಇನ್ನೊಂದಕ್ಕೆ. ಕಂಪನಿ ಬಸ್ಸು ದುಂಡು ಬಯಲಿನ ಮೂಲೆಗೆ ಬರುತ್ತಿದ್ದುದರಿಂದ ಬೆಳಿಗ್ಗೆ ಅದೇ ಓಣಿಯಲ್ಲಿ ನಡೆಯುತ್ತಿದ್ದೆ. ಒಂದೊಂದು ವರ್ಷ ಒಂದೊಂದು ಬಂಗಲೆ ಕಾಣೆಯಾಗುತ್ತಿತ್ತು. ನಾಯಿ ಮನೆ ಹೋಯಿತು. ಕೆಮ್ಮುವ ದೊರೆ ಮನೆಯ ಜಾಗಕ್ಕೆ ನೀಲಿ ತಗಡಿನ ಬೇಲಿ ಬಂತು. ಮಿಸ್ಸಮ್ಮ ತೀರಿಕೊಂಡ ಮೇಲೆ, ದೂರದೇಶದಲ್ಲಿದ್ದ ಅವರ ತಂಗಿಯ ಮಗ ಸೀಬೆ ಬಂಗಲೆಯನ್ನು ಬಿಲ್ಡರ್ ಒಬ್ಬರಿಗೆ ಮಾರಿದ.

ಹಿತ್ತಿಲಿನ ಔಟ್‌ಹೌಸಿನಲ್ಲಿ ಮುನಿಯಮ್ಮ ಉಳಿದಿದ್ದಳು. ಅವಳ ಮಗಳು ಲತಾ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿದ್ದವಳು, ಮೊದಲ ಹೆರಿಗೆಗೆ ತವರೆಂದು ಅಲ್ಲಿಗೇ ಬಂದಿದ್ದಳು. ದಿನ ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತು. ಅಂಗೈ ಅಗಲ ಇದ್ದಳು. ಬೆಚ್ಚಗಿಡಿ, ಬಸ್ಸು ಆಟೋ ಎಂದು ತಿರುಗಿಸಬೇಡಿ, ಸ್ವಲ್ಪ ತೂಕ ಬರಲಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಅಳಿಯ ಚಂದಾಪುರದಲ್ಲಿ ರೂಮು ನೋಡಿಟ್ಟಿದ್ದ. ಮಗು ಗಟ್ಟಿಯಾಗುವ ತನಕ ಇಲ್ಲೇ ಇರುವುದೆಂದು ಮಾತಾಗಿತ್ತು. ಆ ಔಟ್‌ಹೌಸಿನಲ್ಲಿ ಮಿಸ್ಸಮ್ಮನ ಕಾಲದ ದೊಡ್ಡ ಒಲೆಯೊಂದಿತ್ತು. ಒಮ್ಮೆ ಉರಿಸಿದರೆ ಗೋಡೆ ಬೆಳಗಿನ ತನಕ ಬಿಸಿ. ನಮ್ಮಲ್ಲಿಗೆ ಬಾ ಎಂದು ನಾನೂ ಕರೆದೆ. "ನಿಮ್ಮಣ್ಣನ್ ಶೀಟಿನ್ ರೂಮಾ? ಅಗ್ಲೊತ್ತು ಒಲೆ, ರಾತ್ರಿ ಐಸು. ಬ್ಯಾಡ ಕಣೆ ಸರೋಜಾ" ಎಂದಳು. ಸುಳ್ಳಲ್ಲ.

ಬಿಲ್ಡರ್ ಕಡೆಯ ಸೂಪರ್‌ವೈಸರ್ ನವೀನ ಎಂಬ ಹುಡುಗ ಬಂದು ಮಾತು ಹೇಳಿ ಹೋದ. ಕೆಟ್ಟವನಲ್ಲ, ಯಾವಾಗಲೂ ಎರಡು ಫೋನು ಹಿಡಿದಿರುತ್ತಿದ್ದ, ಅಷ್ಟೇ. "ನೋಡಮ್ಮ, ಮೇನ್ ಬಿಲ್ಡಿಂಗ್ ಪೂರ್ತಿ ಬೀಳೋವರ್ಗೂ ಇರಿ, ನಾನೇನೂ ಅನ್ನಲ್ಲ. ಮುಂಬಾಗ್ಲು ಕಿತ್ತ ದಿನ ನೀವು ಔಟ್‌ಹೌಸ್ ಖಾಲಿ ಮಾಡ್ಬೇಕು. ಮಾರ್ನೇ ದಿನ ಜೆಸಿಬಿ ಬರುತ್ತೆ."

ಸಾಗುವಾನಿ ಮರ, ಹೆಂಚು, ಕಬ್ಬಿಣ ಎಲ್ಲ ಮಾರಾಟಕ್ಕೆ ಹೋಗುವಂಥವು. ಹಾಗಾಗಿ ಹಳೆಯ ಬಂಗಲೆಗಳನ್ನು ಯಂತ್ರದಿಂದ ಒಡೆಯುವುದಿಲ್ಲ, ಕೈಯಿಂದ ಬಿಚ್ಚುತ್ತಾರೆ. ಬಿಚ್ಚಲು ಬಂದವರು ಯಾದಗಿರಿ ಕಡೆಯವರು. ಅವರ ಮೇಸ್ತ್ರಿ ಶರಣಪ್ಪ, ಐವತ್ತರ ಆಸುಪಾಸಿನ ಎಲುಬಿನ ಮನುಷ್ಯ. ಮೊದಲ ದಿನ ಅವನು ಕೆಲಸ ಶುರುಮಾಡಿದ ರೀತಿ ನೋಡಿ ನಾನು ಗೇಟಿನ ಬಳಿ ನಿಂತುಬಿಟ್ಟೆ. ಹೊಸ್ತಿಲನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಮುಗಿಸಿದ. ಆಮೇಲೆ ಒಂದು ಬೀಡಿ ಹಚ್ಚಿ, "ಇವತ್ತ ಇದಕ್ಕ ಕೈ ಹಚ್ಚಂಗಿಲ್ಲ. ಹಿಂದಿನ ಕಡಿಂದ ಬಿಚ್ಚೂಣು" ಎಂದ.

ಮುನಿಯಮ್ಮ ಕೇಳಿದಳು. "ಯಾಕಣ್ಣಾ?"

"ಪೂಜಿ ಆದ ಹೊಸ್ತಿಲಕ್ಕ ಆ ದಿನ ಹಾರಿ ಹಾಕಬಾರದು ಯವ್ವಾ. ನಮ್ಮ ಮಂದ್ಯಾಗ ಹಂಗೈತಿ. ಯಾರರ ರಂಗೋಲಿ ಹಾಕಿದ್ರೂ ಅಷ್ಟ. ಹೆಣ್ಣಮಕ್ಕಳು ಬೆಳಿಗ್ಗೆ ಬಗ್ಗಿ ಬರದದ್ದು, ಅದನ್ನ ತುಳದು ಮನಿ ಕೆಡವಿದ್ರ ಕೈಗೆ ಹತ್ತತೈತಿ."

ಮುನಿಯಮ್ಮ ಹೊಸ್ತಿಲನ್ನೊಮ್ಮೆ ನೋಡಿ ಔಟ್‌ಹೌಸಿನ ಕಡೆ ನಡೆದಳು. ಸಂಜೆ ನಾನು ಬಸ್ಸಿಳಿದು ಬರುವುದನ್ನೇ ಕಾದು ಕೂತಿದ್ದಳು.

"ಸರೋಜಾ, ನಮ್ಗೆ ಪುರುಡು. ನಾನು ಒಸ್ಲು ಮುಟ್ಟಂಗಿಲ್ಲ. ನೀನು ಬೆಳಿಗ್ಗೆ ಓಗೋವಾಗ ಒಂದೆಳೆ ರಂಗೋಲಿ ಎಳ್ದು ಓಗ್ತೀಯಾ?"

ಹೀಗೆ ಆ ಇಂಗ್ಲಿಷ್ ಮನೆಯ ಮುಂದೆ ನಾನು ರಂಗೋಲಿ ಹಾಕತೊಡಗಿದೆ. ಕೂದಲೆಳೆಯ ವ್ಯತ್ಯಾಸ ಹಿಡಿಯುವ ತಪಾಸಣೆಯವಳು ನಾನು. ನನ್ನ ರಂಗೋಲಿಯನ್ನು ನಾನೇ ತಿರಸ್ಕಾರದ ಬುಟ್ಟಿಗೆ ಹಾಕುವಂತಿತ್ತು. ಎಡಗಡೆಯ ಎಸಳು ಬಲಗಡೆಯದಕ್ಕಿಂತ ದಪ್ಪ, ನಡುವಿನ ಚುಕ್ಕಿ ನಡುವಿನಲ್ಲಿಲ್ಲ. ಕೆಲಸಗಾರರು ಹಲ್ಲುಜ್ಜುತ್ತಾ ಸುತ್ತ ನಿಂತು ನೋಡುತ್ತಿದ್ದರು. "ಏನ್ರೀ ಅಕ್ಕಾರ, ಹಪ್ಪಳಾ ಏನ್ರೀ ಇದು?" ಎಂದೊಬ್ಬ. "ಏಯ್, ಸುಮ್ನಿರೋ. ಅದು ಎಮ್ಮಿ ಮಾರಿ" ಎಂದಿನ್ನೊಬ್ಬ. ಶರಣಪ್ಪ ಮಾತ್ರ ಗಂಭೀರವಾಗಿ, "ರಂಗೋಲಿ ಬಿದ್ದತ್ರಪಾ. ಹಿಂದಕ್ಕ ನಡೀರಿ" ಎನ್ನುತ್ತಿದ್ದ.

ಅವನಿಗೆ ಎಲ್ಲ ಗೊತ್ತಿತ್ತು. ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಗೋಡೆ ಬಡಿಯುವ ಮೊದಲು ಬಿಂದಿಗೆಗಟ್ಟಲೆ ನೀರು ಚಿಮುಕಿಸಿ ಧೂಳು ಕೂರಿಸುತ್ತಿದ್ದ. ಔಟ್‌ಹೌಸಿನ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಸಿದ. ಮಗುವಿಗೆ ಅವನಿಟ್ಟ ಹೆಸರು ದೊರೆಸಾನಿ. ಬೆಳಿಗ್ಗೆ ಬಂದ ಕೂಡಲೇ, "ದೊರಸಾನಿ ಎದ್ದಾಳೇನ್ರೀ? ಪರ್ಮಿಶನ್ ಕೊಟ್ರ ಕೆಲಸ ಚಾಲೂ ಮಾಡತೀವಿ" ಎಂದು ಕೇಳುವನು. ಒಳಗಿನಿಂದ ಮುನಿಯಮ್ಮ, "ದೊರೆಸಾನಿ ಈಗ್ತಾನೆ ಮಲಗವ್ಳೆ. ಮೆಲ್ಗೆ ಒಡೀರಿ" ಎನ್ನುವಳು. ಬಂಗಲೆ ಕೆಡಹುವವರು ಮೆಲ್ಲಗೆ ಕೆಡಹುತ್ತಿದ್ದರು. ಮಗು ಅತ್ತರೆ ಸುತ್ತಿಗೆಗಳು ತಾವಾಗಿ ನಿಲ್ಲುತ್ತಿದ್ದವು. ಅತ್ತಷ್ಟೂ ಒಳ್ಳೆಯದು, ಗಂಟಲು ಬೆಳೆಯುತ್ತದೆ ಎಂದು ಅವರಲ್ಲೇ ಮಕ್ಕಳಿದ್ದವನೊಬ್ಬ ಹೇಳುತ್ತಿದ್ದ. ಆದರೆ ಆ ಮಗುವಿನ ಅಳು ಬೆಕ್ಕಿನ ಮರಿಯದಕ್ಕಿಂತ ದೊಡ್ಡದಾಗಲಿಲ್ಲ.

ಪುರುಡು ಕಳೆದ ಮೇಲೆ ಮುನಿಯಮ್ಮನೇ ರಂಗೋಲಿ ಹಾಕತೊಡಗಿದಳು. ಅವಳದು ನಿಜವಾದ ರಂಗೋಲಿ. ಯುಗಾದಿಯ ದಿನ ಬೈಸಿಕೊಂಡ ಕೈ, ಇಷ್ಟು ವರ್ಷದ ಹಸಿವನ್ನೆಲ್ಲ ಆ ಕಲ್ಲಿನ ಮೇಲೆ ತೀರಿಸಿಕೊಂಡಿತು. ಮನೆ ಮಾತ್ರ ದಿನದಿನಕ್ಕೆ ಕರಗುತ್ತಿತ್ತು. ಹೆಂಚು ಇಳಿಯಿತು. ಮಂಕಿ ಟಾಪ್‌ಗಳನ್ನು ಮೊಳೆ ಕಿತ್ತು, ಹಗ್ಗ ಕಟ್ಟಿ ಇಳಿಸಿದರು. ಗೋಡೆಗೆ ಒರಗಿಸಿಟ್ಟಾಗ ಅವು ಯಾರೋ ಕಳಚಿಟ್ಟ ಟೋಪಿಗಳ ಹಾಗಿದ್ದವು. ಚಿಮಣಿ ಬಿದ್ದ ದಿನ ಪಾರಿವಾಳಗಳು ಸೀಬೆ ಮರದ ಮೇಲೆ ಸಂಜೆಯ ತನಕ ಕೂತಿದ್ದವು. ಪಿಯಾನೋ ಇದ್ದ ಕೋಣೆಯ ನೆಲ ಬಿಸಿಲಿಗೆ ಬಿತ್ತು. ಎಲ್ಲ ಮುಗಿದು ಉಳಿದದ್ದು ಮುಂಬಾಗಿಲಿನ ಚೌಕಟ್ಟು ಒಂದೇ. ಆಚೀಚೆ ಗೋಡೆಯಿಲ್ಲ, ಎರಡು ಬಿದಿರು ಗಳುಗಳ ಆಸರೆ. ಕೆಳಗೆ ಕಲ್ಲಿನ ಹೊಸ್ತಿಲು, ಅದರ ಮೇಲೆ ಹೊಸ ರಂಗೋಲಿ. ಕೆಲಸಗಾರರು ಇಟ್ಟಿಗೆ ಹೊತ್ತು ಸುತ್ತಲಿನ ಬಯಲಿನಲ್ಲಿ ಎಲ್ಲಿಂದ ಬೇಕಾದರೂ ಹಾಯಬಹುದಿತ್ತು. ಆದರೂ ಬಾಗಿಲಿನಿಂದಲೇ ಹೊರಗೆ ಬರುತ್ತಿದ್ದರು, ಕಾಲೆತ್ತಿ, ರಂಗೋಲಿ ತುಳಿಯದೆ.

ನವೀನನಿಗೆ ತಲೆಕೆಟ್ಟಿತು. "ಏನ್ ಮೇಸ್ತ್ರಿ ಇದು? ಒಂದ್ ಫ್ರೇಮ್ ಕೀಳೋಕೆ ಎಷ್ಟ್ ದಿನ? ಬಾಸ್ ಡೈಲಿ ಕೇಳ್ತವ್ರೆ."

"ರಂಗೋಲಿ ಐತ್ರೀ ಸರ."

"ನಾಳೆ ಜೆಸಿಬಿನೇ ತರಿಸ್ತೀನಿ."

"ತರಸ್ರೀ. ಅದರ ಡ್ರೈವರೂ ನಮ್ಮೂರಾಂವನ. ಅವರವ್ವನೂ ಹೊಸ್ತಿಲಾ ಪೂಜಿ ಮಾಡಾಕೀನ."

ನವೀನ ನನ್ನ ಕಡೆ ತಿರುಗಿ, "ಮೇಡಂ, ನೀವಾದ್ರೂ ಹೇಳಿ" ಎಂದ. ನಾನು ಬಸ್ಸು ಬಂತೆಂದು ಹೊರಟುಬಿಟ್ಟೆ. ಬಸ್ಸು ಬಂದಿರಲಿಲ್ಲ.

ಅಷ್ಟರಲ್ಲಿ ಮಗು ಸ್ವಲ್ಪ ತುಂಬಿಕೊಂಡಿತ್ತು ಎಂದು ಮುನಿಯಮ್ಮ ಹೇಳುತ್ತಿದ್ದಳು. ಕೆನ್ನೆ ಬಂದಿದೆ ನೋಡು ಎಂದು ನನಗೂ ತೋರಿಸಿದಳು. ಬಂದಿರಬಹುದು. ಅವಳು ತೋರಿಸಿದಾಗ ನನಗೂ ಕಂಡಿತು. ಇನ್ನೊಂದು ಸೋಮವಾರ ಕಳೆದರೆ ಚಂದಾಪುರಕ್ಕೆ ಹೋಗುವುದು, ಅಲ್ಲಿಯೇ ಹೆಸರಿಡುವುದು ಎಂದುಕೊಂಡಿದ್ದರು.

ಅಂದು ಬೆಳಿಗ್ಗೆ ನಾನು ಓಣಿಗೆ ಬಂದಾಗ ಮಂಜಿತ್ತು. ಹೊಸ್ತಿಲು ಬರಿದಾಗಿತ್ತು. ಹಿಂದಿನ ದಿನದ ರಂಗೋಲಿ ಮಂಜಿಗೆ ಕರಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೆಲಸಗಾರರು ಆಗಲೇ ಬಂದು ನಿಂತಿದ್ದರು. ಔಟ್‌ಹೌಸಿನ ಬಾಗಿಲು ಮುಚ್ಚಿತ್ತು.

"ಮುದಿಕಿಗೆ ನಿದ್ದಿ ಹತ್ತಿರಬೇಕು" ಎಂದ ಶರಣಪ್ಪ. "ರಾತ್ರಿಯೆಲ್ಲಾ ಕೂಸಿನ ಕೂಡ ಎದ್ದಿರತಾಳ." ಓಣಿಯ ತುದಿಯಲ್ಲಿ ನವೀನನ ಬೈಕಿನ ಸದ್ದು ಕೇಳಿತು. ಶರಣಪ್ಪ ಒಮ್ಮೆ ಆ ಕಡೆ ನೋಡಿದ, ಒಮ್ಮೆ ಹೊಸ್ತಿಲು ನೋಡಿದ. ನನ್ನನ್ನು ಕೇಳಬಹುದಿತ್ತು, ಅವನಿಗೆ ಅಷ್ಟು ಪುರಸೊತ್ತಿರಲಿಲ್ಲವೋ ಏನೋ. ಗುರುತು ಹಾಕುವ ಸುಣ್ಣದ ಪುಡಿಯ ಡಬ್ಬಿ ತಂದು ಹೊಸ್ತಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ನೂಲು ಹಿಡಿದು, ಒಂದು ತುದಿಯನ್ನು ಕಾಲಬೆರಳಿನಿಂದ ಒತ್ತಿ, ಗೆರೆ ಎಳೆಯತೊಡಗಿದ. ಅಡ್ಡ ಒಂದು, ಉದ್ದ ಒಂದು, ಮೂಲೆಗೆ ಮೂಲೆ ಕೂಡಿಸಿ ಮನೆ ಮನೆಯಾದ ಚೌಕಗಳು. ಅವನಿಗೆ ಬರುತ್ತಿದ್ದ ಚಿತ್ರ ಅದೊಂದೇ.

ಹಿಂದಿದ್ದವನೊಬ್ಬ ನಕ್ಕ. "ಏನ್ರೀ ಮೇಸ್ತ್ರಿ, ಮನಿ ಕೆಡವಾಕ ಬಂದು ಪಾಯಾ ಹಾಕಾಕತ್ತೀರಲ್ಲ?"

"ಎಷ್ಟ ಬೆಡ್‌ರೂಮ್ರೀ ಇದು?" ಎಂದ ಇನ್ನೊಬ್ಬ.

"ಮುಚ್ಚಲೇ ಬಾಯಿ" ಎಂದ ಶರಣಪ್ಪ, ತಾನೂ ನಗುತ್ತಾ. ನಾನೂ ನಕ್ಕೆ. ಕೊನೆಗೆ ನನ್ನದಕ್ಕಿಂತ ಕೆಟ್ಟ ರಂಗೋಲಿ ಹಾಕುವವರು ಒಬ್ಬರು ಸಿಕ್ಕರು ಎಂದುಕೊಂಡೆ. ಅದೇ ಮಾತನ್ನು ಹೇಳಲು ಬಾಯಿ ತೆರೆದಿದ್ದೆ. ಆಗ ಔಟ್‌ಹೌಸಿನ ಬಾಗಿಲು ತೆರೆಯಿತು.

ಮುನಿಯಮ್ಮ ನಡೆದು ಬಂದು ಚೌಕಟ್ಟಿನ ಒಳಮಗ್ಗುಲಿಗೆ ನಿಂತಳು. ತಲೆ ಕೆದರಿತ್ತು. ಹೊಸ್ತಿಲ ಮೇಲಿನ ಬಿಳಿ ಗೆರೆಗಳನ್ನು ಬಹಳ ಹೊತ್ತು ನೋಡಿದಳು.

"ಯಾರ್ ಆಕಿದ್ದು?"

"ನಾ ಹಾಕೀನಿ ಯವ್ವಾ. ನಿನಗ ನಿದ್ದಿ ಹತ್ತೈತಿ ಅಂತ..."

"ಅಳಿಸ್ಬಿಡಣ್ಣ" ಎಂದಳು ಅವಳು. ಧ್ವನಿ ಏರಿಸಲಿಲ್ಲ. "ಇವತ್ತು ಆಕ್ಬಾರ್ದು. ದೊರೆಸಾನಿ ಒಂಟೋದ್ಲು."

ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಹಾಕದಿರುವುದರಿಂದಲೇ ಓಣಿಗೆ ಸುದ್ದಿ ತಿಳಿಯುತ್ತದೆ. ಆ ಬರಿದಾದ ಹೊಸ್ತಿಲು ನಮಗೆ ಬೆಳಗಿನಿಂದ ಹೇಳುತ್ತಲೇ ಇತ್ತು. ನಾವು ಎಲ್ಲರೂ ಅದನ್ನು ನೋಡಿದ್ದೆವು. ಎಲ್ಲರಿಗೂ ಆ ಪದ್ಧತಿ ಗೊತ್ತಿತ್ತು. ಇಷ್ಟು ದಿನ ಹೊಸ್ತಿಲನ್ನು ಒಂದೇ ಕೆಲಸಕ್ಕೆ ನೋಡಿ ನೋಡಿ, ಅದು ಇನ್ನೊಂದನ್ನೂ ಹೇಳಬಲ್ಲದು ಎಂಬುದು ಮರೆತುಹೋಗಿತ್ತು.

ಶರಣಪ್ಪ ಎದ್ದೇಳಲಿಲ್ಲ. ಕೂತಲ್ಲಿಂದಲೇ ಹೆಗಲ ಮೇಲಿನ ಟವೆಲ್ಲು ತೆಗೆದು ಒರೆಸತೊಡಗಿದ. ಸುಣ್ಣ ಕಲ್ಲಿನ ಸೀಳುಗಳಲ್ಲಿ ಕೂತಿತ್ತು, ಹೋಗಲಿಲ್ಲ. ಯಾರೋ ನೀರು ತಂದುಕೊಟ್ಟರು. ನೀರು ಹಾಕಿ ಅಂಗೈಯಿಂದ ಉಜ್ಜಿದ. ಬಹಳ ಹೊತ್ತು ಉಜ್ಜಿದ. ಉಜ್ಜಿದಂತೆ ಸುಣ್ಣದ ಕೆಳಗಿಂದ ಮಿಸ್ಸಮ್ಮನ ಕಾಲದ ಕೆಂಪು ಪಾಲಿಶ್ ಒಂದಿಷ್ಟು ಎದ್ದು ಬಂತು.

ಬೈಕು ನಿಲ್ಲಿಸಿ ಬಂದ ನವೀನ ಖಾಲಿ ಹೊಸ್ತಿಲು ನೋಡಿ, "ಓ, ಇವತ್ತು ರಂಗೋಲಿ ಇಲ್ಲ. ಹೊಡೀರಿ ಹಾಗಾದ್ರೆ" ಎಂದ.

"ಇವತ್ತ ಹೊಡ್ಯಂಗಿಲ್ರೀ" ಎಂದ ಶರಣಪ್ಪ.

ನವೀನ ನಮ್ಮ ಮುಖಗಳನ್ನು ನೋಡಿ, ಎರಡೂ ಫೋನುಗಳನ್ನು ಜೇಬಿಗೆ ಹಾಕಿಕೊಂಡ.

ಮಗು ಯಾತರಿಂದ ಹೋಯಿತು ಎಂದು ಯಾರೂ ಹೇಳಲಿಲ್ಲ. ರಾತ್ರಿ ಹಾಲು ಕುಡಿದು ಮಲಗಿದ್ದು ಬೆಳಗಿನ ಜಾವಕ್ಕೆ ತಣ್ಣಗಿತ್ತಂತೆ. ಹುಟ್ಟುವಾಗಲೇ ಬಂದದ್ದಿರಬಹುದು. ಚಳಿಯಿರಬಹುದು. ಒಂದೊಂದು ದಿನ ಗಳಿಸಿಕೊಟ್ಟೆವೆಂದು ನಾವು ತಿಳಿದಿದ್ದೆವಲ್ಲ, ಆ ದಿನಗಳ ಧೂಳೇ ಇರಬಹುದು. ನನ್ನ ಉದ್ಯೋಗದಲ್ಲಿ ಎಲ್ಲಕ್ಕೂ ಒಂದು ಬುಟ್ಟಿ ಇರುತ್ತಿತ್ತು. ಇದನ್ನು ಯಾವುದಕ್ಕೂ ಹಾಕಲಾರದೆ ಇಟ್ಟುಕೊಂಡಿದ್ದೇನೆ.

ಸೀಬೆ ಮರದ ಹಿಂದಿನ ಜಾಗ ಇನ್ನು ತಮ್ಮದಲ್ಲವೆಂದು ಮಗುವನ್ನು ನಮ್ಮೂರಿನ ಕಡೆಗೆ ಒಯ್ದರು. ಶರಣಪ್ಪನ ಜನ ಜೊತೆಗೆ ಹೋಗಿ ಅಗೆದರು. ಅಗೆಯುವ ಕೆಲಸ ಅವರಿಗೆ ಗೊತ್ತಿತ್ತು. ಅಷ್ಟು ಚಿಕ್ಕದಾಗಿ ಅಗೆದು ಅಭ್ಯಾಸವಿರಲಿಲ್ಲ.

ಮೂರನೆಯ ದಿನದ ಹಾಲು ತುಪ್ಪ ಮುಗಿಸಿ ಬಂದ ಮುನಿಯಮ್ಮ ತಾನೇ ಹೋಗಿ ಹೇಳಿದಳು. "ಕಿತ್ಕಳಿ ಅಣ್ಣಾ. ಇನ್ಯಾಕೆ." ಗೂಡ್ಸ್ ಆಟೋದಲ್ಲಿ ಪಾತ್ರೆ, ಚಾಪೆ, ಎದೆಯ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದ ಲತಾ. ಹೊರಡುವಾಗ ಮುನಿಯಮ್ಮ ಔಟ್‌ಹೌಸಿನ ಹಿತ್ತಿಲ ಗೇಟಿನಿಂದ ಹೋಗಲಿಲ್ಲ. ಮಗಳ ಕೈ ಹಿಡಿದು ಬಂಗಲೆಯ ಮುಂಬಾಗಿಲಿನಿಂದ, ಆ ಒಂಟಿ ಚೌಕಟ್ಟಿನ ನಡುವಿನಿಂದ ಓಣಿಗೆ ಇಳಿದಳು. ಮಿಸ್ಸಮ್ಮ ಇದ್ದ ಕಾಲದಲ್ಲಿ ಅವಳು ಆ ಬಾಗಿಲಿನಿಂದ ಓಡಾಡಿದ್ದನ್ನು ನಾನು ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚೌಕಟ್ಟು ಬಿಚ್ಚಿದರು. ಹೊಸ್ತಿಲ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿ ಲಾರಿಗೇರಿಸಿದರು. ಕುಳಿಗೆ ಮಣ್ಣು ತುಂಬಿ ಸಮ ಮಾಡಿದರು. ಸಂಜೆ ನಾನು ಬಸ್ಸಿಳಿದು ಬರುವಾಗ ಅಲ್ಲಿ ಬರೀ ನೆಲವಿತ್ತು. ಎಲ್ಲಿ ಕೋಣೆ, ಎಲ್ಲಿ ಅಂಗಳ ಎಂದು ಹೇಳುವಂತಿರಲಿಲ್ಲ. ಶರಣಪ್ಪನ ಜನ ಕೊನೆಯ ಇಟ್ಟಿಗೆಗಳನ್ನು ಹೊತ್ತು ಲಾರಿಯ ಕಡೆಗೆ ಸಾಲಾಗಿ ಬರುತ್ತಿದ್ದರು. ಒಂದು ಜಾಗಕ್ಕೆ ಬಂದಾಗ ಮುಂದಿದ್ದವನು ಕಾಲನ್ನು ಗೇಣೆತ್ತರ ಎತ್ತಿ ಆಚೆಗಿಟ್ಟ. ಅವನ ಹಿಂದಿನವನೂ ಎತ್ತಿದ. ಅವನ ಹಿಂದೆ ಶರಣಪ್ಪನೂ.